ಛಾವಣಿಗೊಂದು ಪಾಸ್‌ಬುಕ್

ಸಂಕ್ರಾಂತಿ ಮುಗೀತು. ಛತ್ರದ ತಾರಸಿ ಮೇಲೆ ಬಿದ್ದಿದ್ದ ಖಾಲಿ ಬಕೆಟ್‌ಗಳೂ ಮನೆ ಸೇರಿದವು. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟಿಗೆ ಮಂಡ್ಯದಲ್ಲಿ ಇಷ್ಟು ಗಿರಾಕಿ ಇದೆ ಅಂತ ನನಗೆ ಗೊತ್ತಿರಲಿಲ್ಲ. ಅಡುಗೆಯವರು ಮೂರು, ಹಾಲು ಹಾಕೋನು ಎರಡು, ಕಸ ಗುಡಿಸೋ ಅಕ್ಕ ಮೂರು, ಪಕ್ಕದ ಅಂಗಡಿಯವರು ಮಿಕ್ಕಿದ್ದು. ಸಂಜೆಯೊಳಗೆ ಒಂದೂ ಇಲ್ಲ. ಕೊಡೋಕೆ ಮುಂಚೆ ಎರಡು ಸಲ ಎಣಿಸಿದ್ದೆ, ಹನ್ನೊಂದೇ ಇತ್ತು. ಖಾಲಿ ಬಕೆಟ್ ಎಣಿಸೋ ಬುದ್ಧಿ ನನಗೆ ಬಂದಿದ್ದು ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಛತ್ರವನ್ನು ಮಾವ 1989ರಲ್ಲಿ ಕಟ್ಟಿಸಿದ್ದು. ಒಂದಿಷ್ಟು ಗದ್ದೆ ಮಾರಿದ ದುಡ್ಡು, ಒಂದಿಷ್ಟು ಸಾಲ. ನಮ್ಮೆಜಮಾನರು ಮೇಷ್ಟ್ರು, ಅವರಿಗೆ ಈ ವ್ಯವಹಾರ ಒಗ್ಗಲಿಲ್ಲ. 2019ರಿಂದ ಬುಕಿಂಗ್ ಪುಸ್ತಕ, ಕರೆಂಟ್ ಬಿಲ್ಲು, ಪಾತ್ರೆ ಲೆಕ್ಕ ಎಲ್ಲ ನನ್ನ ಪಾಲಿಗೆ ಬಂತು. ಹಳೇ ಲೆಕ್ಕದ ಪುಸ್ತಕ ತಿರುವಿ ನೋಡಿದರೆ ಛಾವಣಿ ಹೆಸರಲ್ಲಿ ಮೂವತ್ತು ವರ್ಷಕ್ಕೆ ಸಿಕ್ಕಿದ್ದು ನಾಲ್ಕೇ ನಾಲ್ಕು ಸಾಲು. ಒಂದರಲ್ಲಿ ಮಾವನ ಕೈಬರಹದಲ್ಲಿ ಬರೀ ‘ಸೋರಿಕೆ, 800’. ಎಲ್ಲಿ ಸೋರಿತು, ಏನು ಮಾಡಿಸಿದರು, ಆಮೇಲೆ ನಿಂತಿತಾ, ಏನೂ ಇಲ್ಲ.

ನಮ್ಮದು ಒಂದೇ ಥರದ ಛಾವಣಿಯೂ ಅಲ್ಲ. ಮದುವೆ ನಡೆಯೋ ದೊಡ್ಡ ಹಾಲಿನ ನಡುವೆ ಕಂಬ ಬರಬಾರದು ಅಂತ ಕಬ್ಬಿಣದ ಟ್ರಸ್ (ಚೌಕಟ್ಟು) ಮೇಲೆ ಶೀಟು, 50 ಚದುರ. ಊಟದ ಹಾಲಿಗೆ ಮೋಲ್ಡು, ಅಂದರೆ ಕಾಂಕ್ರೀಟು ತಾರಸಿ, 28 ಚದುರ. ಮುಂದುಗಡೆ ಹೆಣ್ಣಿನವರ, ಗಂಡಿನವರ ರೂಮುಗಳ ಮೇಲೂ ಮೋಲ್ಡೇ, 15 ಚದುರ. ಹಿಂದುಗಡೆ ಅಡುಗೆಮನೆಗೆ ಆಸ್ಬೆಸ್ಟಾಸ್ ಶೀಟು, 8 ಚದುರ. ಒಂದು ಚದುರಕ್ಕೆ ನೂರು ಚದರಡಿ. ಟೇಪು ಹಿಡಿದು ಅಳೆದು ಕೂಡಿದರೆ ಒಟ್ಟು 101 ಬಂತು. ಮುಯ್ಯಿ ಕವರಿಗೆ ಹಾಕೋ ಅಂಕಿ! ಆದರೆ ಅಳೆದಿದ್ದು ಪೆಟ್ಟು ಬಿದ್ದ ಮೇಲೆ.

ಪೆಟ್ಟು ಬಿದ್ದಿದ್ದು 2022ರ ಮೇ ತಿಂಗಳಲ್ಲಿ, ಕೃತ್ತಿಕೆ ಮಳೇಲಿ. ಸಂಜೆ ಆರತಕ್ಷತೆ. ಏಳೂವರೆ ಹೊತ್ತಿಗೆ ಗಾಳಿ ಎದ್ದಿತು, ಹಿಂದೆಯೇ ಮಳೆ. ಶೀಟಿನ ಮೇಲೆ ಬೀಳೋ ಸದ್ದಿಗೆ ಆರ್ಕೆಸ್ಟ್ರಾದವರು ಬಾಯಿ ಆಡಿಸೋದು ಮಾತ್ರ ಕಾಣ್ತಿತ್ತು. ನಾನು ಬಾಗಿಲ ಹತ್ತಿರ ನಿಂತು ಜನರೇಟರಿಗೆ ಡೀಸೆಲ್ ಇದೆಯೋ ಇಲ್ಲವೋ ಅಂತ ಲೆಕ್ಕ ಹಾಕ್ತಿದ್ದೆ. ಕತ್ತೆತ್ತಿದರೆ ಫಾಲ್ಸ್ ಸೀಲಿಂಗಿನ ಒಂದು ಭಾಗ ತುಂಬಿದ ಬಸುರಿ ಹೊಟ್ಟೆ ಥರ ಕೆಳಕ್ಕೆ ಉಬ್ಬಿದೆ. ಅದರ ಕೆಳಗೆ ಎರಡು ಸಾಲು ಕುರ್ಚಿ, ಅಷ್ಟೂ ಕುರ್ಚಿಯಲ್ಲಿ ಜನ. ನಮ್ಮ ಹುಡುಗನನ್ನ ಓಡಿಸಿ ಎಬ್ಬಿಸಿದೆ. ಎಲ್ಲರೂ ಏಳೋದಕ್ಕೂ ಅದು ದೊಪ್ಪನೆ ಬೀಳೋದಕ್ಕೂ ಸರಿಹೋಯ್ತು. ಬೋರ್ಡಿನ ಜೊತೆ ನಾಲ್ಕೈದು ಕೊಡ ನೀರು, ಒಂದು ಲೈಟು. ಲೈಟಿನ ವೈರು ಚಟಪಟ ಅಂದಿದ್ದಕ್ಕೆ ಅರ್ಧ ಹಾಲಿನ ಮೇನ್ ಸ್ವಿಚ್ ಇಳಿಸಿಬಿಟ್ಟೆವು. ಮದುವೆ ವಿಡಿಯೋದಲ್ಲಿ ಅಷ್ಟೂ ಬಂದಿದೆಯಂತೆ, ಹಿನ್ನೆಲೆ ಸಂಗೀತದ ಸಮೇತ.

ಹೆಣ್ಣಿನ ತಂದೆ ಬೈಯಲಿಲ್ಲ. ಮಾರನೇ ದಿನ ಲೆಕ್ಕ ಚುಕ್ತಾ ಮಾಡೋಕೆ ಬಂದಾಗ, “ನಮ್ಮ ಮಗು ಮದ್ವೇಲೇ ಹಿಂಗಾಗ್ಬೇಕಿತ್ತಾ ತಾಯಿ” ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಬಾಡಿಗೆಯಲ್ಲಿ 40,000 ವಾಪಸ್ ಕೊಟ್ಟೆ.

ತಿಂಗಳಾದ ಮೇಲೆ ಒಂದು ಚೀಟಿ ಬರೆದು ಮಾವನ ಮುಂದಿಟ್ಟೆ. ವಾಪಸ್ ಕೊಟ್ಟಿದ್ದು 40,000. ಸೀಲಿಂಗು 1,15,000. ವೈರಿಂಗು 22,000. ಗಾಳಿಗೆ ಎದ್ದ ಶೀಟು, ಮಳೆನೀರಿನ ದೋಣಿ, ಸ್ಕ್ರೂ ಎಲ್ಲ ಸೇರಿ 85,000. ಒಟ್ಟು 2,62,000. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, “ಸೋರಿದಾಗ ನೋಡ್ಕಳಣ ಅಂತಿದ್ದೆ. ಸೋರೋದು ಇಷ್ಟು ದುಬಾರಿ ಅಂತ ಗೊತ್ತಿರ್ಲಿಲ್ಲ ಕಣಮ್ಮ” ಅಂದರು.

ಇಷ್ಟಕ್ಕೆಲ್ಲ ಕಾರಣ ಏನು ಅಂದರೆ ಕಸ, ಮತ್ತೆ ನಾಲ್ಕಾಣೆ ಅಗಲದ ರಬ್ಬರ್ ಬಿಲ್ಲೆ. ಆ ಶೀಟು 2008ರಲ್ಲಿ ಹಾಕಿಸಿದ್ದು. ಸ್ಕ್ರೂ ತಲೆ ಕೆಳಗೆ ನೀರು ಇಳಿಯದ ಹಾಗೆ ಕಪ್ಪು ಬಿಲ್ಲೆ ಇರುತ್ತೆ. ವರ್ಷಗಟ್ಟಲೆ ಬಿಸಿಲಿಗೆ ಅದು ಗಟ್ಟಿಯಾಗಿ ಸೀಳುಬಿಡುತ್ತೆ. ಮೇಸ್ತ್ರಿ ಒಂದನ್ನ ಕಿತ್ತು ನನ್ನ ಅಂಗೈಗೆ ಹಾಕಿದರು. ಉಗುರಲ್ಲಿ ಕೆರೆದರೆ ಸೀದ ರೊಟ್ಟಿ ಅಂಚಿನ ಥರ ಪುಡಿ ಉದುರ್ತು. ಅಂಥವು ಸಾವಿರದ ಮುನ್ನೂರು ಇದ್ದವು.

ಇನ್ನು ಕಸ. ಶೀಟಿನ ನೀರು ಬಂದು ಬೀಳೋ ದೋಣಿಯಿಂದ ಹದಿನಾಲ್ಕು ಮಂಕರಿ ತೆಗೆಸಿದೆ. ಬೇವಿನೆಲೆ, ಒಣಗಿದ ಚೆಂಡುಹೂ, ಥರ್ಮಾಕೋಲ್ ಉಂಡೆ, ಸುತಲಿ ದಾರ, ತುಂಡಾದ ಸೀರಿಯಲ್ ಲೈಟು, ಒಂದು ಚಪ್ಪಲಿ. ಕಬ್ಬು ಅರೆಯೋ ಕಾಲದಲ್ಲಿ ಗಾಳಿಗೆ ಬಂದು ಬೀಳೋ ಕರಿ ಬೂದಿ ಇದನ್ನೆಲ್ಲ ಗಾರೆ ಹಾಕಿದ ಹಾಗೆ ಅಂಟಿಸಿಬಿಟ್ಟಿತ್ತು. 50 ಚದುರದ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 11,800 ಲೀಟರ್ ನೀರು, ಎರಡು ಟ್ಯಾಂಕರಿನಷ್ಟು. ಇಳಿಯೋಕೆ ಇದ್ದಿದ್ದು ನಾಲ್ಕಿಂಚಿನ ಎರಡು ಪೈಪು, ಅದರಲ್ಲಿ ಒಂದು ಮುಚ್ಚಿಹೋಗಿತ್ತು. ದೋಣಿ ತುಂಬಿದ ನೀರು ಒಳಕ್ಕೆ ಬರದೆ ಇನ್ನೆಲ್ಲಿಗೆ ಹೋಗಬೇಕು?

ನಾನು ಬೋರ್ಡ್ ಬಿದ್ದ ಜಾಗದ ನೇರಕ್ಕೆ ಮೇಲೆ ತೂತು ಹುಡುಕ್ತಿದ್ದೆ. ಮೇಸ್ತ್ರಿ ನಕ್ಕರು. “ಸೋರೋ ತಾವೇ ತೂತ ಐತೆ ಅನ್ಕಬೇಡಿ ಕನಕ್ಕ. ನೀರು ಎಲ್ಲೋ ಇಳಿದು, ಕಬ್ಬಿಣ ಹಿಡ್ಕಂಡು ಹರ್ಕಂಡು ಬಂದು, ಅದ್ಕೆ ಬೇಕಾದ ತಾವು ಬೀಳ್ತದೆ.” ತೂತು ಇದ್ದಿದ್ದು ಹದಿನೆಂಟು ಅಡಿ ಆಚೆ, ಶೀಟು ಗೋಡೆಗೆ ಸೇರೋ ಕಡೆ. ಅವರಿಗೆ ಅರವತ್ತು ದಾಟಿದೆ. ಆಸ್ಬೆಸ್ಟಾಸ್ ಶೀಟಿನ ಮೇಲೆ ಬೋಲ್ಟು ಸಾಲು ಬಿಟ್ಟು ಕಾಲಿಡಲ್ಲ, ಹಲಗೆ ಹಾಕದೆ ಯಾವ ಹುಡುಗನನ್ನೂ ಹತ್ತಿಸಲ್ಲ. ಕೂಲಿ ಜಾಸ್ತಿ ಕೇಳಿದರೂ ನಾನು ಅವರನ್ನ ಬಿಟ್ಟಿಲ್ಲ, ಈ ಕಾರಣಕ್ಕೇ.

ಊಟದ ಹಾಲಿನ ತಾರಸಿ ಅಂಚಿನ ಪ್ಯಾರಾಪೆಟ್ ಗೋಡೆ ಬಿರುಕಲ್ಲಿ ಮೊಳಕಾಲೆತ್ತರ ಅರಳಿ ಗಿಡ ಬೆಳೆದಿತ್ತು. ವರ್ಷಗಳಿಂದ ಎಲ್ಲರೂ ನೋಡಿದವರೇ, ಕೀಳೋರು ಯಾರೂ ಇಲ್ಲ. ಅರಳಿ ತಾನೇ, ಪಾಪ ಸುತ್ತಿಕೊಂಡರೆ? ಮೇಸ್ತ್ರಿ ಚಪ್ಪಲಿ ಬಿಟ್ಟು, ಕೈ ಮುಗಿದು, “ಕೆರೆ ಏರಿ ಮೇಲೆ ನೆಟ್ಬುಡ್ತೀನಿ ನಮ್ಮಪ್ಪ, ಸಿಟ್ಟಾಗ್ಬೇಡ” ಅಂತ ಹೇಳಿ ಉಳಿ ಹಾಕಿದರು. ಬೇರು ಗೋಡೆಯೊಳಗೆ ಮೂರಡಿ ಹೋಗಿತ್ತು. ಒದ್ದೆ ಗೋಣಿಯಲ್ಲಿ ಸುತ್ತಿ ಸ್ಕೂಟರ್ ಹಿಂದೆ ಕಟ್ಟಿಕೊಂಡು ಹೋಗಿದ್ದನ್ನ ಕಣ್ಣಾರೆ ನೋಡಿದೆ. ನೆಟ್ಟರಾ ಅಂತ ನಾನು ಕೇಳಲಿಲ್ಲ.

ಅದಾದ ಮೇಲೆ ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ಈ ಲೆಕ್ಕ ಯಾರಿಗಾದರೂ ಉಪಯೋಗಕ್ಕೆ ಬರಬಹುದು ಅಂತಲೇ ಇದನ್ನೆಲ್ಲ ಬರೀತಿರೋದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದೊಂದು ತುಂಡಿಗೂ ಕೇಳಬೇಕಾದ ಪ್ರಶ್ನೆ ಎರಡು: ಮತ್ತೆ ಮಾಡಿಸೋಕೆ ಇವತ್ತಿನ ರೇಟಲ್ಲಿ ಎಷ್ಟಾಗುತ್ತೆ, ಎಷ್ಟು ವರ್ಷ ಬಾಳುತ್ತೆ. ಮೋಲ್ಡು 43 ಚದುರ. ವಾಟರ್‌ಪ್ರೂಫ್ ಕೋಟಿಂಗು ಕೂಲಿ ಸೇರಿ ಚದರಡಿಗೆ 45 ರೂಪಾಯಿ ಹಿಡಿದರೆ 1,93,500. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 38,700. ದೊಡ್ಡ ಹಾಲಿನ ಶೀಟು ಬದಲಾಯಿಸೋಕೆ, ಟ್ರಸ್ ಹಾಗೇ ಇಟ್ಟುಕೊಂಡು, ಚದರಡಿಗೆ 130ರ ಹಾಗೆ 6,50,000. ಇಪ್ಪತ್ತು ವರ್ಷಕ್ಕೆ ಹಂಚಿದರೆ 32,500. ಅಡುಗೆಮನೆಗೆ ಅದೇ ರೇಟಲ್ಲಿ 1,04,000. ಅಲ್ಲಿ ಹಗಲೂ ರಾತ್ರಿ ಹಬೆ, ಹೊಗೆ, ಒಗ್ಗರಣೆ ಜಿಡ್ಡು. ಹದಿಮೂರೇ ವರ್ಷ ಅಂತ ಹಿಡಿದೆ, ವರ್ಷಕ್ಕೆ 8,000. ಟ್ರಸ್ಸಿಗೆ ಐದು ವರ್ಷಕ್ಕೊಮ್ಮೆ ಬಣ್ಣ, ವರ್ಷದ ಪಾಲು 12,000. ವರ್ಷಕ್ಕೆ ಎರಡು ಸಲ ಕಸ ತೆಗೆಸೋಕೆ 12,000. ಸ್ಕ್ರೂ, ಸೀಲೆಂಟು, ಪೈಪಿನ ಜಾಲರಿ ಅಂತ ಚಿಲ್ಲರೆ 10,000. ಕೂಡಿದರೆ 1,13,200.

ಗಾಬರಿ ಆಯ್ತು. ಆಮೇಲೆ ಬುಕಿಂಗ್ ಪುಸ್ತಕ ತೆಗೆದು ನೋಡಿದೆ. ವರ್ಷಕ್ಕೆ ಸರಾಸರಿ 45 ಮದುವೆ. ಭಾಗಿಸಿದರೆ ಮದುವೆಗೆ 2,500 ಚಿಲ್ಲರೆ. ಒಂದು ಮದುವೆಗೆ ಹೂವಿನವನು ಹೆಬ್ಬಾಗಿಲಿಗೆ ಹಾಕೋ ಒಂದು ತೋರಣದ ದುಡ್ಡೂ ಅಲ್ಲ! ರೇಟು ಏರುತ್ತಲ್ಲ ಅಂತ 3,000 ಮಾಡಿದೆ. ಛತ್ರದ ಖಾತೆಯಲ್ಲೇ ಬಿಟ್ಟರೆ ಅದು ಖರ್ಚಾಗೋದು ಗ್ಯಾರಂಟಿ. ಅದಕ್ಕೆ ಬೇರೆ ಬ್ಯಾಂಕಲ್ಲಿ ಬೇರೆ ಖಾತೆ ತೆಗೆದೆ, ಎಟಿಎಂ ಕಾರ್ಡ್ ಬೇಡ ಅಂದೆ. ಅಡ್ವಾನ್ಸ್ ಕೈಗೆ ಬಂದ ದಿನವೇ ಮೂರು ಸಾವಿರ ಅಲ್ಲಿಗೆ ಹೋಗುತ್ತೆ.

ಇದರಲ್ಲೊಂದು ತೊಡಕಿತ್ತು, ಬರೆದು ನೋಡಿದಾಗಲೇ ಹೊಳೆದಿದ್ದು. ಶೀಟು 2008ರದ್ದು. ಉಳಿತಾಯ ಶುರುವಾಗಿದ್ದು 2022ರಲ್ಲಿ. ಹದಿನಾಲ್ಕು ವರ್ಷ ಎತ್ತಿಡಬೇಕಾಗಿದ್ದ ವರ್ಷಕ್ಕೆ 32,500, ಅಂದರೆ 4,55,000, ಎಲ್ಲೂ ಇಲ್ಲ. ಆ ದುಡ್ಡು ಲಾಭ ಅಂದುಕೊಂಡು ನಾವು ತಿಂದುಬಿಟ್ಟಿದ್ದೆವು. ಹೊಸ ಕಟ್ಟಡ ಇರೋರಿಗೆ ಇದು ಬರಲ್ಲ, ಹಳೇದು ಇರೋರು ಮೊದಲು ಈ ಬಾಕಿಯನ್ನೇ ಲೆಕ್ಕ ಹಾಕಬೇಕು. ಸ್ಕ್ರೂಗಳನ್ನೆಲ್ಲ ಒಂದು ಸೈಜು ದಪ್ಪದ್ದಕ್ಕೆ ಬದಲಾಯಿಸಿ, ಮೂರನೇ ಪೈಪು ಇಳಿಸಿದ್ದರಿಂದ ಶೀಟಿಗೆ ಇನ್ನೊಂದಿಷ್ಟು ವರ್ಷ ಆಯಸ್ಸು ಸಿಕ್ಕಿದೆ. ಆದರೂ ಸಾಲದು. ಮಾವನಿಗೆ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಆ ವರ್ಷದ ಕಬ್ಬಿನ ಬಟವಾಡೆ ಬಂದಾಗ ಒಂದು ಲಕ್ಷ, ಮುಂದಿನ ವರ್ಷ ಎರಡು ಲಕ್ಷ ತಂದು, “ಇದನ್ನ ಸೂರಿನ ಹೆಸರಲ್ಲಿ ಡಿಪಾಜಿಟ್ ಮಾಡ್ಬುಡಮ್ಮ” ಅಂದರು.

ದುಡ್ಡಿನಷ್ಟೇ ದೊಡ್ಡ ಪ್ರಶ್ನೆ ಯಾವಾಗ ಮಾಡಿಸೋದು ಅನ್ನೋದು. ಛತ್ರ ಖಾಲಿ ಇರೋದು ಮುಖ್ಯವಾಗಿ ಎರಡು ಕಾಲ: ಆಷಾಢ, ಧನುರ್ಮಾಸ. ಆಷಾಢದಲ್ಲಿ ಮೋಡ, ಜಿಟಿಜಿಟಿ, ಕೋಟಿಂಗ್ ಒಣಗಲ್ಲ. ನಮ್ಮ ಕಡೆ ಜೋರು ಮಳೆ ಮೇ ತಿಂಗಳಲ್ಲೊಮ್ಮೆ, ಆಮೇಲೆ ಸೆಪ್ಟೆಂಬರ್ ಅಕ್ಟೋಬರಲ್ಲಿ, ಹಸ್ತಾ ಚಿತ್ತಾ ಕಾಲಕ್ಕೆ. ಡಿಸೆಂಬರ್ ನಡುವಿಂದ ಸಂಕ್ರಾಂತಿವರೆಗೆ ಮದುವೆಯೂ ಇಲ್ಲ, ಬೀಗರೂಟವೂ ಇಲ್ಲ, ಸಾಮಾನ್ಯವಾಗಿ ಮಳೆಯೂ ಇಲ್ಲ. ಹಾಗಾಗಿ ಆಷಾಢದಲ್ಲಿ ನಾನು ಬರೀ ನೋಡೋದು. ಮಳೆ ಬರುವಾಗಲೇ ಟಾರ್ಚ್ ಹಿಡಿದು ಹೋಗಿ, ಒದ್ದೆ ಕಲೆ ಸುತ್ತ ಪೆನ್ಸಿಲಲ್ಲಿ ಗೆರೆ ಎಳೆದು ತಾರೀಖು ಬರೀತೀನಿ. ಮುಂದಿನ ಮಳೆಗೆ ಕಲೆ ಗೆರೆ ದಾಟಿದರೆ ರೋಗ ಬಲೀತಿದೆ ಅಂತ. ಶ್ರಾವಣದಲ್ಲಿ ಕೊಟೇಶನ್, ಕಾರ್ತಿಕದ ಮದುವೆಗಳಿಂದ ಖಾತೆಗೆ ದುಡ್ಡು, ಧನುರ್ಮಾಸದಲ್ಲಿ ಕೆಲಸ. ಬೆಳಿಗ್ಗೆ ಇಬ್ಬನಿ ಆರೋವರೆಗೆ ಬ್ರಷ್ ಮುಟ್ಟಬಾರದು ಅನ್ನೋದೊಂದೇ ಕಾಟ. ಹತ್ತು ಗಂಟೆಗೆ ಮುಂಚೆ ಶುರುವಾಗಲ್ಲ, ಹುಡುಗರು ಬಿಸಿಲು ಕಾಯ್ಕೊಂಡು ಕೂತಿರ್ತಾರೆ.

ಪಂಚಾಂಗ ನೋಡದೆ ನಮ್ಮ ವ್ಯಾಪಾರದಲ್ಲಿ ಬಜೆಟ್ ಮಾಡೋ ಹಾಗೂ ಇಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15. ಮದುವೆ ಸುಗ್ಗಿಯ ನಡುವೆ ಒಂದು ತಿಂಗಳು ಮಾಯ. ಈ ವರ್ಷ 36 ಮದುವೆ ಆದರೆ ಹೆಚ್ಚು ಅಂತ ನನ್ನ ಅಂದಾಜು, ಅಂದರೆ ಖಾತೆಗೆ 1,08,000. ಬೇಕಾಗಿರೋದು 1,13,200. ಇಂಥ ವರ್ಷಕ್ಕೆ ಇರಲಿ ಅಂತಲೂ 2,500ರ ಜಾಗದಲ್ಲಿ ಮೂರು ಸಾವಿರ.

ಈ ಧನುರ್ಮಾಸದಲ್ಲಿ ಮೋಲ್ಡಿನ ಸರದಿ. ಅದಕ್ಕೆ ಮಾವ 2018ರಲ್ಲೇ ಒಬ್ಬರ ಕೈಲಿ ಕೋಟಿಂಗ್ ಮಾಡಿಸಿದ್ದರು, ಹತ್ತು ವರ್ಷ ಗ್ಯಾರಂಟಿ. ಗ್ಯಾರಂಟಿ ಪತ್ರ ಇನ್ನೂ ಹೊಸದರ ಹಾಗಿದೆ, ಕೋಟಿಂಗ್ ಮೂರೇ ವರ್ಷಕ್ಕೆ ಹಪ್ಪಳ ಎದ್ದು ಹೋಯ್ತು. ಆ ನಂಬರಿಗೆ ಫೋನ್ ಮಾಡಿದರೆ ಈಗ ಬೇರೆ ಯಾರೋ ಎತ್ತುತ್ತಾರೆ.

ಈ ಸಲ ಬಂದ ಒಬ್ಬರು ಕೆಳಗಿಂದ ಕಲೆ ನೋಡಿದವರೇ, ಪೂರ್ತಿ ಮೆಂಬ್ರೇನ್ (ನೀರು ಇಳಿಯದ ಹಾಳೆ) ಹಾಕಲೇಬೇಕು, ಚದರಡಿಗೆ 110 ಅಂದರು. 4,73,000. ಮೇಸ್ತ್ರಿ, “ತಡೀರಕ್ಕ, ಮೊದ್ಲು ನೀರು ಕಟ್ಟಿ ನೋಡಣ” ಅಂದರು. ದೀಪಾವಳಿ ಕಳೆದ ಮೇಲೆ ಊಟದ ಹಾಲಿನ ಮೇಲೆ ಪೈಪುಗಳ ಬಾಯಿಗೆ ಗೋಣಿ, ಜೇಡಿಮಣ್ಣು ತುರುಕಿ ಬೋರಿಂದ ಎರಡಿಂಚು ನೀರು ನಿಲ್ಲಿಸಿದೆವು. 28 ಚದುರಕ್ಕೆ ಎರಡಿಂಚು ಅಂದರೆ 13 ಸಾವಿರ ಲೀಟರ್, 13 ಟನ್ ಭಾರ. ಬಲ ಇಲ್ಲದ ಹಳೇ ಕಟ್ಟಡದಲ್ಲಿ ಇಂಜಿನಿಯರನ್ನ ಕೇಳದೆ ಈ ಸಾಹಸ ಬೇಡ. ಪೈಪಿನ ಸುತ್ತ ಮಾತ್ರ ಬಟ್ಟೆಗೆ ಹಾಕೋ ನೀಲಿ ಕದಡಿದರು. ಮಾರನೇ ದಿನ ಬೆಳಿಗ್ಗೆ ಕೆಳಗೆ ಹೋದರೆ ಮೂಲೆಯಲ್ಲಿ, ಪೈಪು ಇಳಿಯೋ ಕಡೆ, ಮಗು ಚಡ್ಡಿ ಒಣಹಾಕಿದಷ್ಟು ಅಗಲ ತೆಳು ನೀಲಿ. ನಡು ಮೋಲ್ಡೆಲ್ಲ ಒಣಗಿದ್ದಂಗೇ ಇತ್ತು. ಪೈಪಿನ ಬಾಯಿ ಒಡೆದು ಸರಿಯಾಗಿ ಕೂರಿಸಿ, ಮೂಲೆಗೆ ಜಾಲರಿ ಬಟ್ಟೆ ಅಂಟಿಸಿ, ನೀರು ನಿಲ್ಲೋ ಒಂದು ಕಡೆ ವಾಟ ಸರಿ ಮಾಡಿಸಿದರೆ ಕೋಟಿಂಗೇ ಸಾಕು ಅಂತಾಯ್ತು. ಒಂದು ದಿನ ನೀರು ನಿಲ್ಲಿಸಿದ್ದಕ್ಕೆ ಉಳಿದಿದ್ದು ಹತ್ತಿರ ಹತ್ತಿರ 2,80,000.

ಕೋಟಿಂಗಿಗೆ ಮೂವರನ್ನ ಕೇಳಿದ್ದೆ. ಬರೀ ರೇಟು ಬೇಡ, ತೊಳೆಯೋದು, ಬಿರುಕು ತುಂಬೋದು, ಪ್ರೈಮರು, ಎಷ್ಟು ಕೋಟು, ಒಟ್ಟು ಎಷ್ಟು ಬಕೆಟ್, ಇಷ್ಟನ್ನೂ ಬರೆದುಕೊಡಿ ಅಂದೆ. ಇಬ್ಬರು ಮತ್ತೆ ಬರಲೇ ಇಲ್ಲ. ಮೂರನೆಯವರು ಬರೆದುಕೊಟ್ಟರು. ಬಕೆಟ್ ಮೇಲೆ ಅಚ್ಚಾಗಿರೋ ಪ್ರಕಾರ ಎರಡು ಕೋಟ್ ಹೊಡೆದರೆ ಲೀಟರಿಗೆ 20 ಚದರಡಿ. 4,300 ಚದರಡಿಗೆ 215 ಲೀಟರ್, ಹನ್ನೊಂದು ಬಕೆಟ್. ಮೂರನೇ ದಿನ ಮಧ್ಯಾಹ್ನ ಹುಡುಗರು ಕೈ ತೊಳ್ಕೊಂಡು “ಮುಗೀತಕ್ಕ” ಅಂದರು. ನೋಡೋಕೆ ಎಲ್ಲ ಬೆಳ್ಳಗೆ ಚೆನ್ನಾಗೇ ಇತ್ತು. ಎಣಿಸಿದೆ, ಏಳು ಖಾಲಿ. ಮಿಕ್ಕ ನಾಲ್ಕು ಆಟೋದಲ್ಲಿ ಬೆಚ್ಚಗೆ ಕೂತಿದ್ದವು. ಅವರ ಓನರಿಗೆ ಫೋನ್ ಮಾಡಿ, “ಎರಡನೇ ಕೋಟ್‌ಗೆ ನೀರು ಜಾಸ್ತಿ ಕುಡಿಸಿದ್ದೀರಾ ಅಣ್ಣ?” ಅಂದೆ. ಮಾರನೇ ದಿನ ಮತ್ತೆ ಬಂದು ಹೊಡೆದರು. ಜಗಳ ಆಗಲಿಲ್ಲ. ಏಳಕ್ಕೂ ಹನ್ನೊಂದಕ್ಕೂ ಇರೋ ವ್ಯತ್ಯಾಸ ಕಣ್ಣಿಗೆ ಕಾಣೋದು ಮೂರನೇ ವರ್ಷಕ್ಕೆ, ಅಷ್ಟೊತ್ತಿಗೆ ಫೋನ್ ಬೇರೆಯವರು ಎತ್ತುತ್ತಿರುತ್ತಾರೆ.

ತೆರಿಗೆ ವಿಷಯ ಒಂದು ಮಾತು. ಎತ್ತಿಟ್ಟ ದುಡ್ಡನ್ನ ಖರ್ಚು ಅಂತ ತೋರಿಸೋಕಾಗಲ್ಲ ಅಂತ ನಮ್ಮ ಆಡಿಟರ್ ಮೊದಲೇ ಹೇಳಿದ್ದರು. ರಿಪೇರಿ ನಿಜವಾಗಿ ಆದ ವರ್ಷ, ಬಿಲ್ ಇದ್ದರೆ ಮಾತ್ರ. ಬಿಲ್ಲಿಲ್ಲದೆ ಕಡಿಮೆಗೆ ಮಾಡಿಕೊಡ್ತೀನಿ ಅನ್ನೋರಿಗೆ ನಾನು ಬೇಡ ಅಂದೆ. ಉಳಿದ ಹಾಗೆ ಕಾಣುತ್ತೆ, ಉಳಿಯಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ ಅಂತ ನಾದಿನಿ ಕೇಳ್ತಾಳೆ. ಅವಳಿರೋದು ಮೈಸೂರಲ್ಲಿ. ಅವಳ ಜೊತೆ ಹೂವಿಗೆ ದೇವರಾಜ ಮಾರ್ಕೆಟ್ಟಿಗೆ ಹೋದಾಗಲೆಲ್ಲ ನನ್ನ ಕಣ್ಣು ಮೇಲಕ್ಕೇ ಹೋಗುತ್ತೆ. 2012ರ ಆಗಸ್ಟಲ್ಲಿ ಅದೇ ಊರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು. 2016ರ ಆಗಸ್ಟಲ್ಲಿ ಈ ಮಾರ್ಕೆಟ್ಟಿನ ಒಂದು ಭಾಗವೇ ಕುಸೀತು. ಎರಡೂ ಮಳೆಗಾಲ. ನಮ್ಮದು ಅಷ್ಟು ಹಳೇದಲ್ಲ, ನಿಜ. ಆದರೆ ನಮ್ಮ ಛಾವಣಿ ಕೆಳಗೂ ಒಂದೊಂದು ಸಲ ಎಂಟುನೂರು ಜನ ಕೂತಿರ್ತಾರೆ.

ಕೆಲಸಕ್ಕೆ ಮುಂಚೆ ಪಾಸ್‌ಬುಕ್ಕಲ್ಲಿ 3,31,000 ಇತ್ತು. ಈಗ 1,37,500. ಮಾವನ ಡಿಪಾಜಿಟ್ ಮುಟ್ಟಿಲ್ಲ. ಅಡುಗೆಮನೆ ಆಸ್ಬೆಸ್ಟಾಸ್ ತೆಗೆಸೋದು ಬಾಕಿ. ಅದನ್ನ ಒಡೆಯೋ ಹಾಗಿಲ್ಲ, ಧೂಳು ಎದೆಗೆ ಕೆಟ್ಟದ್ದು, ಇಡೀ ಇಡೀ ಶೀಟು ನೆನೆಸಿ ಇಳಿಸೋರು ಬೇಕು. ಮುಂದಿನ ಧನುರ್ಮಾಸಕ್ಕೆ ಅಂತ ಬರೆದಿಟ್ಟಿದ್ದೀನಿ. ಅಡುಗೆ ಭಟ್ಟರು ಆಗಲೇ ಚಿಮಣಿ ಎಲ್ಲಿಡಬೇಕು ಅಂತ ಗೋಡೆ ಮೇಲೆ ಇದ್ದಿಲಲ್ಲಿ ಗುರುತು ಹಾಕಿದ್ದಾರೆ.

ಮೊದಲ ಮದುವೆ ಫೆಬ್ರವರಿಯಲ್ಲಿ. ನಿನ್ನೆ ಡೆಕೊರೇಶನ್ ಹುಡುಗ ಅಳತೆ ತಗೊಳ್ಳೋಕೆ ತಾರಸಿಗೆ ಬಂದ. ಶರ್ಟ್ ಜೇಬು ಜೋತು ಬಿದ್ದಿತ್ತು, ಮೂರಿಂಚಿನ ಮೊಳೆ ತುಂಬಿಕೊಂಡು. ಸೀರಿಯಲ್ ಲೈಟು ಕಟ್ಟೋಕೆ ಇಷ್ಟು ವರ್ಷ ಪ್ಯಾರಾಪೆಟ್ಟಿಗೆ ಹೊಡೀತಿದ್ದಿದ್ದು ಅವನೇ. ಒಳಗೋಡೆಗೆ ಹೊಸದಾಗಿ ಕೂರಿಸಿದ ಕಬ್ಬಿಣದ ಕೊಕ್ಕೆ ತೋರಿಸಿದೆ, ಆರಡಿಗೊಂದು, ಒಟ್ಟು ಮೂವತ್ತೆರಡು. ಒಂದನ್ನ ಹಿಡಿದು ಜಗ್ಗಿ ನೋಡಿದ.

“ಇದ್ಯಾವಾಗ ಹಾಕ್ಸುದ್ರಿ ಅಕ್ಕ? ಮೊದ್ಲೇ ಹಾಕ್ಸಿದ್ರೆ ನಂಗೂ ಕೆಲ್ಸ ಸಲೀಸಾಯ್ತಿತ್ತು.”

ಮೊಳೆ ಕೆಳಗೆ ಇಟ್ಟು ಬಾ ಅಂದೆ. ಕೆಳಗಡೆ ಮಾವ ಪೇಪರ್ ಓದ್ತಾ ಕೂತಿದ್ದರು. ಅವನ ಕೈಲಿ ಮೊಳೆ ಇಸ್ಕೊಂಡು, ಎಣಿಸಿ, ಡಬ್ಬಿಗೆ ಹಾಕಿಟ್ಟರು.